ಲಕ್ಷಗಟ್ಟಲೆ ಸಂಬಳ ಇದ್ದರೂ ಪೈಲಟ್‌ಗಳು ಯಾಕೆ ಗಲಾಟೆ ಮಾಡುತ್ತಾರೆ?

ನಿಮ್ಮ ಪ್ರಶ್ನೆ ಓದಿ ಎರಡು ದಿನ ಸುಮ್ನಿದ್ದೆ. ಇಷ್ಟು ಸಂಬಳ ಎಣಿಸುವವರಿಗೆ ಏನು ಕಷ್ಟ, 2025ರ ಡಿಸೆಂಬರ್‌ನಲ್ಲಿ ವಿಮಾನಗಳು ರದ್ದಾಗಿ ಜನ ಏರ್‌ಪೋರ್ಟ್‌ನಲ್ಲಿ ನೆಲದ ಮೇಲೆ ಮಲಗಿದ್ದಕ್ಕೆ ಪೈಲಟ್‌ಗಳ ಹಟವೇ ಕಾರಣ ಅಲ್ವಾ ಅಂತ ಕೇಳಿದ್ದೀರಿ. ನಾನು ಕೋ-ಪೈಲಟ್. ಊರು ದಾವಣಗೆರೆ. ಕಂಪನಿ ಹೆಸರು ಬರೆಯಲ್ಲ.

ಸಂಬಳದ ಮಾತು ಮೊದಲು ಮುಗಿಸಿಬಿಡುತ್ತೇನೆ. ಹೌದು, ಚೆನ್ನಾಗಿದೆ. ನಮ್ಮ ಓಣಿಯಲ್ಲಿ ಅಷ್ಟು ತಗೊಳ್ಳುವವರು ಕಡಿಮೆ. ಆದರೆ ಲೈಸೆನ್ಸ್ ಸಿಗಬೇಕಾದರೆ 200 ಗಂಟೆ ಹಾರಿರಬೇಕು, ಅದರ ಮೇಲೆ ಒಂದೊಂದು ಬಗೆಯ ವಿಮಾನಕ್ಕೂ ಬೇರೆ ಬೇರೆ ತರಬೇತಿ. ಇದಕ್ಕೆಲ್ಲ ಅಪ್ಪ ಚನ್ನಗಿರಿ ಕಡೆಯ ಅಡಿಕೆ ತೋಟದಲ್ಲಿ ಒಂದೆಕರೆ ಮಾರಿದರು. ಉಳಿದದ್ದು ಬ್ಯಾಂಕ್ ಸಾಲ, ಕಂತು ಇನ್ನೂ ಕಟ್ಟುತ್ತಿದ್ದೇನೆ. ವರ್ಷಕ್ಕೊಮ್ಮೆ ಮೆಡಿಕಲ್ ಇರುತ್ತದೆ, ಅದರಲ್ಲಿ ಫೇಲಾದರೆ ವಿಮಾನ ಹಾರಿಸುವ ಹಾಗಿಲ್ಲ. ದುಡ್ಡಿನ ವಿಷಯ ಇಷ್ಟೇ.

ನಮ್ಮ ಸಿಟ್ಟು ಇರುವುದು ನಿದ್ದೆಯ ವಿಷಯಕ್ಕೆ. ಬೆಳಗಿನ ಐದೂವರೆ ಫ್ಲೈಟ್ ಅಂದರೆ ರಾತ್ರಿ ಎರಡಕ್ಕೇ ಏಳಬೇಕು. ಅವತ್ತು ಮಧ್ಯಾಹ್ನ ಡ್ಯೂಟಿ ಮುಗಿಯುತ್ತದೆ ಅಂದುಕೊಳ್ಳಿ, ಎರಡು ದಿನ ಬಿಟ್ಟು ಇಡೀ ರಾತ್ರಿಯ ಡ್ಯೂಟಿ ಬಂದಿರುತ್ತದೆ, ಆಗ ಯಾವುದೋ ಊರಿನ ಹೋಟೆಲ್‌ನಲ್ಲಿ ಪರದೆ ಎಳೆದುಕೊಂಡು ಹಗಲು ಮಲಗಬೇಕು. ಕಣ್ಣು ಮುಚ್ಚಿರುತ್ತೇವೆ, ನಿದ್ದೆ ಬರಲ್ಲ. ನಮ್ಮಜ್ಜ ಇಲ್ಲಿನ ಕಾಟನ್ ಮಿಲ್‌ನಲ್ಲಿದ್ದವರು. ರಾತ್ರಿ ಪಾಳಿ ಮುಗಿಸಿ ಬಂದರೆ ಅಜ್ಜಿ ಮಕ್ಕಳನ್ನೆಲ್ಲ ಹೊರಗೆ ಅಟ್ಟುತ್ತಿದ್ದರಂತೆ, ಮನೆಯಲ್ಲಿ ಒಂದು ಪಾತ್ರೆ ಸದ್ದಾಗುವ ಹಾಗಿರಲಿಲ್ಲ. ಆದರೆ ಅವರದು ವಾರಪೂರ್ತಿ ಒಂದೇ ಪಾಳಿ, ಮೈ ಹೇಗೋ ಹೊಂದಿಕೊಳ್ಳುತ್ತಿತ್ತು. ನನಗೆ ಒಂದೇ ವಾರದಲ್ಲಿ ಮೂರೂ ಪಾಳಿ ಬರುತ್ತವೆ.

ನಿದ್ದೆಗೆಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2010ರ ಮೇ 22, ಮಂಗಳೂರು. ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು, 158 ಜನ ಹೋದರು, ಉಳಿದವರು 8 ಜನ. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಜಾಸ್ತಿ ಮಲಗಿದ್ದರು, ರೆಕಾರ್ಡರ್‌ನಲ್ಲಿ ಗೊರಕೆ ಸದ್ದು ಸಿಕ್ಕಿತು, ಎದ್ದ ಮೇಲಿನ ಮಂಪರಿನಲ್ಲಿ ಅವರ ತೀರ್ಮಾನ ತಪ್ಪಿರಬಹುದು ಅಂತ ತನಿಖಾ ವರದಿಯಲ್ಲಿದೆ. ಇಳಿಸುವುದು ಬೇಡ, ಮತ್ತೆ ಮೇಲಕ್ಕೆ ಹೋಗೋಣ ಅಂತ ಕೋ-ಪೈಲಟ್ ಹೇಳಿದ್ದರು. ನಾನು ದಿನಾ ಕೂರುವುದು ಆ ಕೋ-ಪೈಲಟ್ ಸೀಟಿನಲ್ಲೇ.

ಈಗ ಡಿಸೆಂಬರ್ ವಿಷಯ. ವಿಮಾನಯಾನದ ಉಸ್ತುವಾರಿ ನೋಡುವ ಡಿಜಿಸಿಎ ಹೊಸ ನಿಯಮ ಹೊರಡಿಸಿದ್ದು 2024ರ ಜನವರಿಯಲ್ಲಿ. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ರಾತ್ರಿ ಅಂದರೆ ಹನ್ನೆರಡರಿಂದ ಐದು ಅಂತಿದ್ದದ್ದು ಆರರವರೆಗೆ ಆಯಿತು. ರಾತ್ರಿ ಡ್ಯೂಟಿಯಲ್ಲಿ ಆರು ಲ್ಯಾಂಡಿಂಗ್ ಮಾಡಿಸಬಹುದಿತ್ತು, ಅದು ಎರಡಕ್ಕೆ ಇಳಿಯಿತು. ಆ ವರ್ಷ ಜೂನ್‌ನಲ್ಲೇ ಜಾರಿ ಆಗಬೇಕಿತ್ತು, ಕಂಪನಿಗಳು ಆಗಲ್ಲ ಅಂದವು, ಮುಂದಕ್ಕೆ ಹೋಯಿತು. ಪೈಲಟ್ ಸಂಘಗಳು ದೆಹಲಿ ಹೈಕೋರ್ಟ್‌ಗೆ ಓಡಾಡಿದ್ದಕ್ಕೆ ಕೊನೆಗೆ 2025ರ ಜುಲೈ 1ಕ್ಕೆ ಅರ್ಧ, ನವೆಂಬರ್ 1ಕ್ಕೆ ಇನ್ನರ್ಧ ಅಂತ ತೀರ್ಮಾನವಾಯಿತು. ಅಂದರೆ ತಯಾರಿಗೆ ಹೆಚ್ಚುಕಡಿಮೆ ಎರಡು ವರ್ಷ ಸಿಕ್ಕಿತ್ತು. ಡಿಸೆಂಬರ್ 5ರಂದು ಇಂಡಿಗೋ ಒಂದೇ ದಿನ ಸಾವಿರಕ್ಕೂ ಜಾಸ್ತಿ ಫ್ಲೈಟ್ ರದ್ದು ಮಾಡಿತಲ್ಲ, ಅವತ್ತು ಯಾವ ಪೈಲಟ್ ಸಂಘವೂ ಮುಷ್ಕರ ಕರೆದಿರಲಿಲ್ಲ. ಹೊಸ ಲೆಕ್ಕಕ್ಕೆ ಬೇಕಾದಷ್ಟು ಪೈಲಟ್‌ಗಳನ್ನು ಇಟ್ಟುಕೊಂಡಿರಲಿಲ್ಲ, ಪ್ಲಾನಿಂಗ್‌ನಲ್ಲಿ ತಪ್ಪಾಯಿತು ಅಂತ ಇಂಡಿಗೋದವರೇ ಒಪ್ಪಿಕೊಂಡರು. ಆದರೂ ಆ ಕಂಪನಿಗೆ ರಾತ್ರಿ ನಿಯಮಗಳಿಂದ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಸಿಕ್ಕಿತು. ಜೊತೆಗೆ, ರಜೆಯನ್ನು ವಾರದ ವಿಶ್ರಾಂತಿಗೆ ಬದಲಾಗಿ ಎಣಿಸುವಂತಿಲ್ಲ ಅನ್ನುವ ಸಾಲನ್ನು ಡಿಜಿಸಿಎ ಅವತ್ತೇ ವಾಪಸ್ ತಗೊಂಡಿತು. ಇದು ನನಗೆ ತುಂಬಾ ನೋವು ಕೊಟ್ಟಿತು.

ಹಾಗಾದರೆ ಬೇರೆ ಕಂಪನಿಗೆ ಹೋಗಿ ಅನ್ನಬಹುದು. 2017ರಿಂದ ಕ್ಯಾಪ್ಟನ್ ಒಂದು ವರ್ಷ, ಕೋ-ಪೈಲಟ್ ಆರು ತಿಂಗಳು ಮುಂಚೆ ನೋಟಿಸ್ ಕೊಡಬೇಕು. ಮುಷ್ಕರದ ದಾರಿಯೂ ಸುಲಭ ಇಲ್ಲ. 2012ರಲ್ಲಿ ಏರ್ ಇಂಡಿಯಾ ಪೈಲಟ್‌ಗಳು 58 ದಿನ ಕೆಲಸ ನಿಲ್ಲಿಸಿದರು, ಎಷ್ಟೋ ಜನರನ್ನು ಕೆಲಸದಿಂದ ತೆಗೆದರು. 2024ರ ಏಪ್ರಿಲ್ ಹೊತ್ತಿಗೆ ವಿಸ್ತಾರಾ ಅನ್ನುವ ವಿಮಾನ ಕಂಪನಿಯಲ್ಲಿ ತಿಂಗಳಿಗೆ 70 ಗಂಟೆ ಹಾರಾಟದ ಲೆಕ್ಕದಲ್ಲಿ ಸಿಗುತ್ತಿದ್ದ ಖಾತ್ರಿ ಸಂಬಳವನ್ನು 40 ಗಂಟೆಯ ಲೆಕ್ಕಕ್ಕೆ ಇಳಿಸಿದಾಗ ಪೈಲಟ್‌ಗಳು ಹುಷಾರಿಲ್ಲ ಅಂತ ರಜೆ ಹಾಕಿದರು, ಫ್ಲೈಟ್‌ಗಳು ನಿಂತವು. ನನಗೆ ಆ ದಾರಿ ಇಷ್ಟವಿಲ್ಲ, ಪ್ರಯಾಣಿಕರು ಒದ್ದಾಡುತ್ತಾರೆ. ಆದರೆ ಎದುರು ಕೂತು ಮಾತಾಡಲು ಜಾಗವೇ ಇಲ್ಲದಿದ್ದರೆ ಜನ ಇನ್ನೇನು ಮಾಡುತ್ತಾರೆ ಹೇಳಿ?

ನನ್ನದೇ ಒಂದು ಸಂಗತಿ ಹೇಳುತ್ತೇನೆ, ಹಳೇ ನಿಯಮ ಇದ್ದಾಗಿನದು. ಜಗಳೂರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ಎರಡು ದಿನ ರಜೆ ಹಾಕಿದೆ. ಹಿಂದಿನ ದಿನದಿಂದ ಅಡುಗೆಯವರು, ಚಪ್ಪರ, ಬೀಗರ ಕಡೆಯವರು ಅಂತ ಓಡಾಟ, ಧಾರೆ ಮುಗಿಸಿ ಊಟದ ಪಂಕ್ತಿ ನೋಡಿಕೊಂಡು ರಾತ್ರಿ ಬಸ್ಸಿಗೆ ಬೆಂಗಳೂರು ಸೇರಿದೆ. ಬಂದು ನೋಡಿದರೆ ಆ ಎರಡು ದಿನವನ್ನೇ ನನ್ನ ವಾರದ ವಿಶ್ರಾಂತಿ ಅಂತ ಬರೆದುಕೊಂಡು ಮಾರನೇ ಬೆಳಗಿನ ಜಾವದಿಂದಲೇ ಆರು ದಿನದ ಡ್ಯೂಟಿ ಹಾಕಿದ್ದರು. ಮೂರನೇ ದಿನಕ್ಕೆ ಕೈ ನಡುಗಿತು. ದಣಿದಿದ್ದೇನೆ, ಹಾರಲ್ಲ ಅಂತ ರಿಪೋರ್ಟ್ ಬರೆದುಕೊಟ್ಟೆ. ಹಾಗೆ ಹೇಳುವುದು ನಮ್ಮ ಹಕ್ಕು ಮಾತ್ರ ಅಲ್ಲ, ಕರ್ತವ್ಯ. ಸಂಜೆಗೆ ಆಫೀಸಿನಿಂದ ಫೋನ್ ಬಂತು. ಎರಡು ದಿನ ಊರಲ್ಲಿ ಇದ್ದು ಬಂದಿದ್ದೀರಲ್ಲ, ಇನ್ನೆಂಥಾ ದಣಿವು ಅಂದರು. ಮುಂದಿನ ತಿಂಗಳ ರೋಸ್ಟರ್ ಪೂರ್ತಿ ಬೆಳಗಿನ ಜಾವದ ಡ್ಯೂಟಿಗಳೇ ಇದ್ದವು. ಯಾಕೆ ಅಂತ ಕೇಳಿದ್ದಕ್ಕೆ, ಅದು ಸಿಸ್ಟಮ್ ಮಾಡುತ್ತದೆ ಅಂದರು.

ಅಜ್ಜನಿಗೆ ಒಂದು ಸಲ ಇದೇ ಥರ ಸತತ ರಾತ್ರಿ ಪಾಳಿ ಹಾಕಿದ್ದರಂತೆ. ಮಾರನೇ ದಿನ ಯೂನಿಯನ್‌ನ ಇಬ್ಬರು ಅವರ ಜೊತೆ ಮ್ಯಾನೇಜರ್ ಕೋಣೆಗೆ ಹೋಗಿ ಕೂತರಂತೆ, ಪಾಳಿ ಬದಲಾಯಿತು. ನನಗೆ ಆ ಫೋನ್ ಬಂದಾಗ ರೂಮಿನಲ್ಲಿ ನಾನೊಬ್ಬನೇ ಇದ್ದೆ.