ಹಾಡು ರೆಕಾರ್ಡ್ ಆಯಿತು, ಆಮೇಲೆ?

ಓದುಗರ ಪತ್ರ: “ನಾನು ಕಾಸರಗೋಡಿನ ಬದಿಯಡ್ಕ ಕಡೆಯ ನಿವೃತ್ತ ಶಾಲಾ ಮಾಸ್ತರ. ಮಗಳು ಬಿ.ಎ. ಇತಿಹಾಸ ಓದುತ್ತಿದ್ದಾಳೆ. ಕಾಲೇಜಿನವರು ಎರಡು ತಿಂಗಳ ಇಂಟರ್ನ್‌ಶಿಪ್ ಎಂದು ನಮ್ಮ ಜಿಲ್ಲೆಯ ಒಂದು ಕೋಟೆಗೆ ಹಾಕಿದ್ದಾರೆ. ಕೋಟೆ ಎಂದಾಗ ಖುಷಿಪಟ್ಟೆ. ಆದರೆ ಅವಳು ಕೋಟೆಯ ಒಳಗೆ ಇರುವುದೇ ಕಡಿಮೆ. ಸುತ್ತಲಿನ ಆದಿವಾಸಿಗಳಾದ ಕೊರಗರ, ಮಾವಿಲರ ಮನೆಗಳಿಗೆ ಹೋಗಿ ಹಾಡು, ಕತೆ, ಬುಟ್ಟಿ ಹೆಣೆಯುವ ಕ್ರಮ ಎಲ್ಲವನ್ನೂ ಫೋನಿನಲ್ಲಿ ತುಂಬಿಕೊಂಡು ಬರುತ್ತಾಳೆ. ಕೋಟೆಯ ಪಾರ್ಕಿನಲ್ಲಿ ಇದಕ್ಕೆ ಪ್ರದರ್ಶನದ ಕೋಣೆ ಮಾಡುತ್ತಾರಂತೆ. ಸಂಬಳ ಇಲ್ಲ, ಬಸ್ಸಿನ ದುಡ್ಡೂ ಇಲ್ಲ. ಗೋಡೆ ಅಳೆಯುವುದು, ಶಾಸನ ಓದುವುದು ಬಿಟ್ಟು ಇದು ಯಾವ ಇತಿಹಾಸ? ಬೇರೆ ಕಡೆ ಹಾಕಿಸಿಕೊಳ್ಳಲು ಹೇಳಲೇ? ನನ್ನ ಹೆಸರು, ಕೋಟೆಯ ಹೆಸರು ಅಚ್ಚು ಹಾಕಬೇಡಿ.”

ಸಂಪಾದಕರ ಉತ್ತರ: ಹೆಸರು ಹಾಕಿಲ್ಲ ಮಾಸ್ಟ್ರೇ, ನಿಶ್ಚಿಂತೆಯಿಂದ ಓದಿ. ದುಡ್ಡಿನ ವಿಷಯದಲ್ಲಿ ನಿಮ್ಮ ಮಾತು ಸರಿ. ಮಕ್ಕಳನ್ನು ಬಿಸಿಲಲ್ಲಿ ಸುತ್ತಿಸಿ ಬಸ್ಸಿನ ಚಾರ್ಜೂ ಕೊಡದಿರುವುದು ಕೆಲಸ ಕಲಿಸುವ ಕ್ರಮ ಅಲ್ಲ. ಅಲ್ಲಿಗೆ ನಿಮ್ಮ ಪಕ್ಷ ಮುಗಿಯಿತು. ಇನ್ನು ನನ್ನ ಪಕ್ಷ.

ಕೋಟೆ ಅಳೆಯುವವರಿಗೆ ನಮ್ಮಲ್ಲಿ ಕೊರತೆ ಇಲ್ಲ. ಬೇಕಲ 40 ಎಕರೆ, ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ್ದು, ಆಮೇಲೆ ಹೈದರ್, ಟಿಪ್ಪು, ಕಂಪನಿ ಸರ್ಕಾರ. ನಿಮ್ಮ ಶಿಷ್ಯರೇ ಇದನ್ನು ಬಾಯಿಪಾಠ ಒಪ್ಪಿಸಿಯಾರು. ಗೋಡೆಯ ಕಾವಲಿಗೆ ಕಾನೂನು ಕೂಡ ಇದೆ. ಕೇಂದ್ರದ ರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಎಬ್ಬಿಸುವಂತಿಲ್ಲ. ಅದರಾಚೆ ಇನ್ನೂ 200 ಮೀಟರಿಗೆ ಅನುಮತಿ ಬೇಕು. 2010ರ ತಿದ್ದುಪಡಿ ಅದು. ಒಂದು ಕೊಟ್ಟಿಗೆ ಕಟ್ಟಲು ಹೊರಟವರು ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದನ್ನು ನೋಡಿದ್ದೇನೆ. ಅದೇ 300 ಮೀಟರಿನೊಳಗೆ ಒಬ್ಬ ಅಜ್ಜಿಯ ಬಾಯಲ್ಲಿ ಮಾತ್ರ ಉಳಿದ ಹಾಡು ಇದ್ದರೆ ಅದಕ್ಕೆ ಯಾವ ಇಲಾಖೆಯ ಕಾವಲೂ ಇಲ್ಲ. ಕೋಟೆ ನಾಡಿದ್ದೂ ಇರುತ್ತದೆ. ಅಜ್ಜಿಯ ಬಗ್ಗೆ ಹಾಗೆ ಹೇಳಲಾಗುವುದಿಲ್ಲ. ನಿಮ್ಮ ಮಗಳು ಯಾವುದರ ಹತ್ತಿರ ಮೊದಲು ಹೋಗಬೇಕಿತ್ತು, ನೀವೇ ಹೇಳಿ.

ಕೊರಗರ ಬಗ್ಗೆ ಯಾರೂ ಬರೆದೇ ಇಲ್ಲ ಎಂದುಕೊಳ್ಳಬೇಡಿ. ಮದರಾಸು ಮ್ಯೂಸಿಯಂನ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ತಂದ. ಅದರಲ್ಲಿ ಕೊರಗರೂ ಇದ್ದಾರೆ. ಸೊಪ್ಪು ಉಡುವವರು ಸೊಪ್ಪು ಕೊರಗರು, ಉಗುಳಲು ಕುತ್ತಿಗೆಗೆ ಅಂಡೆ ಕಟ್ಟಿಕೊಳ್ಳಬೇಕಾಗಿದ್ದವರು ಅಂಡೆ ಕೊರಗರು ಎಂದೆಲ್ಲ ಬರೆದಿದ್ದಾನೆ. ಅಂಡೆ ಕಟ್ಟಿಸಿದ್ದು ಯಾರು? ದಾರಿ ಮೈಲಿಗೆಯಾದೀತು ಎಂದು ಹೆದರಿದವರು. ಆದರೆ ಪುಸ್ತಕದಲ್ಲಿ ಅದು ಕೊರಗರ ಪಂಗಡದ ಹೆಸರಾಗಿ ಕುಳಿತಿತು. ನನಗೆ ಸಿಟ್ಟು ಬರುವುದು ಇಲ್ಲೇ.

ಅಜಲು ಪದ್ಧತಿ ನಿಮಗೆ ಗೊತ್ತಲ್ವಾ? ಅನ್ನಕ್ಕೆ ಉಗುರು, ಕೂದಲು ಬೆರೆಸಿ ಕೊರಗರಿಗೆ ತಿನ್ನಿಸಿ ತಮ್ಮ ಮನೆಯ ದೋಷ ಕಳೆಯಿತು ಎಂದುಕೊಳ್ಳುತ್ತಿದ್ದರು. ಅದನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ. ಐವತ್ತು ವರ್ಷ ಹಿಂದೆ ಯಾರಾದರೂ ಕ್ಯಾಮೆರಾ ಹಿಡಿದು ಹೋಗಿದ್ದರೆ ಇದನ್ನೂ ‘ಸಂಪ್ರದಾಯ’ ಎಂದು ಚಿತ್ರ ತೆಗೆದು ಗೋಡೆಗೆ ಹಾಕುತ್ತಿದ್ದರೋ ಏನೋ. ಆದ್ದರಿಂದ ಮಗಳು ಯಾವುದನ್ನು ದಾಖಲೆ ಮಾಡುತ್ತಾಳೆ ಎನ್ನುವಷ್ಟೇ, ಯಾರನ್ನು ಕೇಳಿ ಮಾಡುತ್ತಾಳೆ ಎನ್ನುವುದೂ ಮುಖ್ಯ.

ಒಳ್ಳೆಯ ಕೆಲಸವೂ ಆಗಿದೆ. ಭಾಷಾ ವಿದ್ವಾಂಸ ಡಿ.ಎನ್. ಶಂಕರ ಭಟ್ಟರು ಕೊರಗ ಭಾಷೆಯನ್ನು ಅದು ಸ್ವತಂತ್ರ ಭಾಷೆ ಎಂಬ ಗೌರವದಿಂದಲೇ ಅಭ್ಯಾಸ ಮಾಡಿ 1971ರಲ್ಲಿ ಪುಸ್ತಕ ಪ್ರಕಟಿಸಿದರು. ಅದರೊಳಗಿನ ಪ್ರಭೇದಗಳನ್ನೂ ಬೇರೆ ಬೇರೆ ಗುರುತಿಸಿದರು. ಅದಾಗಿ ಅರ್ಧ ಶತಮಾನ ದಾಟಿತು. ನಾವೋ, ಕಾಸರಗೋಡಿನವರು, ಯಾವ ಸಭೆಗೆ ಹೋದರೂ ಸ್ವಾಗತ ಭಾಷಣದಲ್ಲಿ ‘ಸಪ್ತಭಾಷಾ ಸಂಗಮ ಭೂಮಿ’ ಎನ್ನುತ್ತೇವೆ. ಕನ್ನಡ, ತುಳು, ಮಲಯಾಳಂ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಂದು ಬೆರಳು ಮಡಚುತ್ತೇವೆ. ಏಳು ಆಯಿತು, ಚಪ್ಪಾಳೆ. ಕೊರಗ ಭಾಷೆಯನ್ನು ಎಣಿಸಿದ ಭಾಷಣ ನನ್ನ ಕಿವಿಗಂತೂ ಬಿದ್ದಿಲ್ಲ. ಕೊರಗರ ಕುಲದಿಂದ ಬಂದ ದೈವ ಕೊರಗಜ್ಜನಿಗೆ ಮಾತ್ರ ಚಕ್ಕುಲಿ, ವೀಳ್ಯ, ಶೇಂದಿ ತಪ್ಪಿಸುವುದಿಲ್ಲ. ಕಳೆದುಹೋದ ಚಿನ್ನ ಸಿಗಬೇಕಾದಾಗ ಅಜ್ಜ ಬೇಕು. ಅಜ್ಜನ ಕುಲದವರ ಮಾತು ಲೆಕ್ಕಕ್ಕೆ ಬೇಡ.

ಈಗ ನನ್ನ ಹಳೆಯ ಹಟಕ್ಕೆ ಬರುತ್ತೇನೆ. ಈ ಪತ್ರಿಕೆಯ ಓದುಗರಿಗೆ ಇದನ್ನು ಕೇಳಿ ಕೇಳಿ ಸಾಕಾಗಿರಬಹುದು, ಆದರೂ ಹೇಳುತ್ತೇನೆ. ರೆಕಾರ್ಡ್ ಮಾಡಿದ ಹಾಡು ಮೊದಲು ಹಾಡಿದವರ ಮನೆಗೆ ಹೋಗಬೇಕು. ಕಾಲೇಜಿಗೆ, ಇಲಾಖೆಗೆ, ಪ್ರದರ್ಶನದ ಕೋಣೆಗೆ ಎಲ್ಲ ಆಮೇಲೆ.

ಮಂಜೇಶ್ವರದ ಕಡೆ ನನಗೆ ಪರಿಚಯದ ಒಬ್ಬ ಹುಡುಗ ಇದ್ದಾನೆ, ಪಿಕಪ್ ಓಡಿಸುತ್ತಾನೆ. ಅವನ ಅಜ್ಜಿ ಹಾಡುಗಾರ್ತಿ. ಅವನು ಚಿಕ್ಕವನಿದ್ದಾಗ ದೊಡ್ಡ ಸಂಸ್ಥೆಯೊಂದರಿಂದ ಕೆಲವರು ಬಂದು ದಿನವಿಡೀ ಕೂತು ಅಜ್ಜಿಯ ಹಾಡುಗಳನ್ನು ಟೇಪಿನಲ್ಲಿ ತುಂಬಿಕೊಂಡು ಹೋದರು. ಅಜ್ಜಿ ತೀರಿಕೊಂಡ ಮೇಲೆ, ತಂಗಿಯ ಮದುವೆಗೆ ಆ ಹಾಡು ಬೇಕೆಂದು ಇವನು ಸಂಸ್ಥೆಯ ಬಾಗಿಲಿಗೆ ಹೋದ. ಅರ್ಜಿ ಬರೆಯಿರಿ ಅಂದರು. ಬರೆದ. ಯಾವ ಉದ್ದೇಶಕ್ಕೆ ಎಂಬ ಕಾಲಂ ಖಾಲಿ ಇದೆ ಅಂದರು. “ಅಜ್ಜಿ” ಎಂದು ಬರೆದ. ಟೇಪು ಹುಡುಕಬೇಕು, ಇನ್ನೊಮ್ಮೆ ಬನ್ನಿ ಎಂದರು. ಮದುವೆ ಸಿನಿಮಾ ಹಾಡಿನಲ್ಲೇ ನಡೆಯಿತು. ಇಂಥ ಕಡೆ ಹೊಸ ಹುಡುಗಿಯೊಬ್ಬಳು ಫೋನ್ ಹಿಡಿದು ಅಂಗಳಕ್ಕೆ ಬಂದರೆ ಮನೆಯವರು ಮುಖ ತಿರುಗಿಸುವುದರಲ್ಲಿ ಆಶ್ಚರ್ಯ ಏನಿದೆ?

ಇದು ನಮ್ಮೊಬ್ಬರ ಕತೆ ಅಲ್ಲ. 1890ರ ಮಾರ್ಚ್‌ನಲ್ಲಿ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಎಂಬವನು ಅಮೆರಿಕದ ಮೇನ್ ರಾಜ್ಯಕ್ಕೆ ಎಡಿಸನ್ನನ ಫೋನೋಗ್ರಾಫ್ ಹೊತ್ತುಕೊಂಡು ಹೋದ. ಅಲ್ಲಿನ ಮೂಲನಿವಾಸಿಗಳಾದ ಪಾಸಮಕ್ವಾಡಿ ಜನರ ಹಾಡು, ಕತೆಗಳನ್ನು ಮೇಣದ ಸಿಲಿಂಡರುಗಳಲ್ಲಿ ಹಿಡಿದ. ಜನರ ಬಳಿಗೇ ಹೋಗಿ ಯಂತ್ರದಲ್ಲಿ ಹಾಡು ಹಿಡಿದ ಮೊದಲ ಕೆಲಸ ಅದು ಎನ್ನುತ್ತಾರೆ. ಸಿಲಿಂಡರುಗಳು ಸಂಗ್ರಹಾಲಯ ಸೇರಿದವು. ಹಾಡಿದವರ ಮಕ್ಕಳು, ಮೊಮ್ಮಕ್ಕಳ ಕಿವಿಗೆ ಅದು ಬೀಳಲಿಲ್ಲ. 1979ರಲ್ಲಿ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ಇಂಥ ಸಾವಿರಾರು ಸಿಲಿಂಡರುಗಳನ್ನು ಟೇಪಿಗೆ ಇಳಿಸಿ ಆಯಾ ಬುಡಕಟ್ಟುಗಳಿಗೆ ಮರಳಿಸುವ ಕೆಲಸ ಶುರುಮಾಡಿತು. ಈಗ ಲೈಬ್ರರಿಯ ದಾಖಲೆಯಲ್ಲಿ ಆ ಹಾಡುಗಳ ಜೊತೆ ಪಾಸಮಕ್ವಾಡಿಗಳೇ ಹಾಕಿಸಿದ ಸೂಚನೆಗಳಿವೆ: ಇದು ನಮ್ಮದು, ಹೀಗೆ ಬಳಸಿ ಎಂದು. ಅಷ್ಟು ದೊಡ್ಡ ದೇಶಕ್ಕೆ ಆ ಬುದ್ಧಿ ಬರಲು ಹೆಚ್ಚುಕಡಿಮೆ ತೊಂಬತ್ತು ವರ್ಷ ಬೇಕಾಯಿತು. ನಿಮ್ಮ ಮಗಳ ಜೇಬಿನಲ್ಲಿ ಫೋನ್ ಇದೆ ಮಾಸ್ಟ್ರೇ. ಹಾಡು ಮುಗಿದ ಕೂಡಲೇ, ಅಂಗಳದಿಂದ ಏಳುವ ಮೊದಲೇ, ಆ ಮನೆಯ ಹುಡುಗನ ಫೋನಿಗೆ ಕಳಿಸಬಹುದು. ಸರ್ಕಾರದ ಆದೇಶ ಬೇಕಾಗಿಲ್ಲ.

ಇನ್ನು ಆ ಪ್ರದರ್ಶನದ ಕೋಣೆ. ಅದರ ಬಗ್ಗೆ ನನಗೆ ನಂಬಿಕೆ ಕಡಿಮೆ. ಇಂಥ ಕೋಣೆಗಳನ್ನು ನೋಡಿದ್ದೇನೆ. ಗಾಜಿನ ಹಿಂದೆ ಒಂದು ಪ್ಲಾಸ್ಟರ್ ಗೊಂಬೆ, ಅದರ ಕೈಗೊಂದು ಬುಟ್ಟಿ, ಕೆಳಗೆ ಎರಡು ಸಾಲು ಇಂಗ್ಲಿಷು, ಅದರಲ್ಲಿ ಮೂರು ತಪ್ಪು. ಬುಟ್ಟಿ ಹೆಣೆದವರ ಹೆಸರಂತೂ ಇರುವುದಿಲ್ಲ. ಮಗಳು ಆ ಕೋಣೆಗೆ ಏನಾದರೂ ಕೊಡುವುದಿದ್ದರೆ ಹೆಸರು ಕೊಡಲಿ, ಮನೆಯವರು ಒಪ್ಪಿದರೆ. ಯಾವ ಬಳ್ಳಿ, ಯಾವ ತಿಂಗಳಲ್ಲಿ ಕೊಯ್ಯಬೇಕು, ಎಷ್ಟು ದಿನ ನೀರಲ್ಲಿ ಹಾಕಬೇಕು, ಮೊದಲು ಎಲ್ಲಿ ಸಿಗುತ್ತಿತ್ತು, ಈಗ ಯಾಕೆ ಸಿಗುವುದಿಲ್ಲ ಎಂದು ಕೇಳಿ ಬರೆಯಲಿ. ಕಾಡು ಹೋಗಿ ರಬ್ಬರ್ ಬಂದದ್ದು, ಬುಟ್ಟಿಯ ಜಾಗಕ್ಕೆ ಪ್ಲಾಸ್ಟಿಕ್ ಬಂದದ್ದು, ಅದೂ ಇತಿಹಾಸವೇ. ಶಿವಪ್ಪ ನಾಯಕನಷ್ಟೇ ಗಟ್ಟಿ ಇತಿಹಾಸ. ಬರೆಯುವುದು ಕನ್ನಡ ಲಿಪಿಯಲ್ಲಿ, ಅವರು ಹೇಳಿದ ಮಾತಿನಲ್ಲೇ ಇರಲಿ. ಇದನ್ನು ಬರೆಯಬೇಡ ಎಂದು ಅವರು ಹೇಳಿದರೆ ಪೆನ್ನು ಕೆಳಗಿಡಬೇಕು. ಡೋಲು ಬಾರಿಸುವವರ ಜೊತೆ ಸುಮ್ನೆ ಕೂತು ಕೇಳಿದ ದಿನಕ್ಕೂ ಕಾಲೇಜು ಹಾಜರಿ ಕೊಡಬೇಕು. ಇದನ್ನು ನೀವೇ ಪ್ರಿನ್ಸಿಪಾಲರಿಗೆ ಹೇಳಿ.

ಮಾವಿಲರ ವಿಷಯ ನೋಡಿ. ಅವರೂ ಇನ್ನೊಂದು ಆದಿವಾಸಿ ಸಮುದಾಯವಾದ ಮಲವೆಟ್ಟುವರೂ ಮದುವೆಯಲ್ಲಿ ತುಡಿ ಎಂಬ ಚರ್ಮವಾದ್ಯದ ತಾಳಕ್ಕೆ ಸುತ್ತು ನಿಂತು ಕುಣಿಯುವ ಮಂಗಲಂಕಳಿ ಇದೆಯಲ್ಲ, ಅದರಲ್ಲಿ ತುಳು ಹಾಡುಗಳೂ ಇವೆ. 2025ರ ಜನವರಿಯಲ್ಲಿ ತಿರುವನಂತಪುರದಲ್ಲಿ ನಡೆದ ಕೇರಳ ಶಾಲಾ ಕಲೋತ್ಸವದಲ್ಲಿ ಐದು ಆದಿವಾಸಿ ಕಲೆಗಳಿಗೆ ಮೊದಲ ಸಲ ಜಾಗ ಸಿಕ್ಕಿತು, ಇದೂ ಅದರಲ್ಲಿ ಒಂದು. ಒಳ್ಳೆಯದೇ ಆಯಿತು. ಆದರೆ ಕಲೋತ್ಸವ ಎಂದರೆ ಗ್ರೇಡು, ಗ್ರೇಡು ಎಂದರೆ ಕೋಚಿಂಗು. ನಾಳೆ ಪಟ್ಟಣದ ಶಾಲೆಗಳಿಗೆ ಮಂಗಲಂಕಳಿ ಕಲಿಸುವವರು ಯಾರು? ಯೂಟ್ಯೂಬ್ ನೋಡಿದ ಡ್ಯಾನ್ಸ್ ಮಾಸ್ಟರೋ, ಮಾವಿಲರ ಮನೆಯ ಹಿರಿಯರೋ? ಹಿರಿಯರೇ ಆಗಬೇಕಾದರೆ ಯಾರು ಯಾರಿಗೆ ಯಾವ ಹಾಡು ಬರುತ್ತದೆ, ಅವರು ಎಲ್ಲಿದ್ದಾರೆ ಎಂಬ ಪಟ್ಟಿ ಯಾರ ಬಳಿಯಾದರೂ ಇರಬೇಕು. ಸಂಬಳವಿಲ್ಲದೆ ಸುತ್ತುವ ನಿಮ್ಮ ಮಗಳ ನೋಟ್‌ಬುಕ್ ಆ ಪಟ್ಟಿಯಾದೀತು. ಕಲಿಸಲು ಕರೆದ ಹಿರಿಯರಿಗೆ ಕೂಲಿಯೂ ಸಿಕ್ಕೀತು. ಬರಿಯ ಶಾಲು ಹೊದೆಸಿ ಕಳಿಸಬಾರದು.

ಒಂದು ಮಾತು ಹೇಳುತ್ತೇನೆ, ಬೇಸರ ಮಾಡಬೇಡಿ. ನಾವು ಗಡಿನಾಡ ಕನ್ನಡಿಗರು ದೂರುವುದರಲ್ಲಿ ನಿಪುಣರು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ದೂರುತ್ತಾ ಬಂದಿದ್ದೇವೆ. ದೂರಿಗೆ ಕಾರಣವೂ ಇದೆ. ಗಡಿ ವಿವಾದಕ್ಕೆಂದು ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂದಿತು, ಕಡತ ಅಲ್ಲೇ ಉಳಿಯಿತು. 2017ರಲ್ಲಿ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯದ ಕಾನೂನು ಬಂದಾಗ ನಾವೆಲ್ಲ ಬೀದಿಗಿಳಿದೆವು, ಈ ಪತ್ರಿಕೆಯೂ ಬರೆಯಿತು. ಮನೆಯ ಮಾತು ಶಾಲೆಯ ಬಾಗಿಲಲ್ಲಿ ಉದುರಿಹೋದರೆ ಮಗುವಿಗೆ ಏನಾಗುತ್ತದೆ ಎಂದು ನಾವು ಪುಟಗಟ್ಟಲೆ ಬರೆದೆವಲ್ಲ, ಕೇರಳದಲ್ಲಿ ಸುಮಾರು 1,600 ಮಂದಿಯಷ್ಟೇ ಇರುವ ಕೊರಗರ ಮಕ್ಕಳು ನಮ್ಮ ಕನ್ನಡ ಶಾಲೆಯ ಬಾಗಿಲಲ್ಲೇ ಅದನ್ನು ಅನುಭವಿಸಿದರು. ನಿಮ್ಮ ತರಗತಿಯಲ್ಲೂ ಒಬ್ಬಿಬ್ಬರು ಇದ್ದಿರಬೇಕು. ಅವರ ಮನೆಯಲ್ಲಿ ಮಳೆಗೆ, ಅನ್ನಕ್ಕೆ ಏನೆನ್ನುತ್ತಾರೆ ಎಂದು ಎಂದಾದರೂ ಕೇಳಿದ್ದಿರಾ? ನಿಮ್ಮ ಮಗಳು ಈಗ ಕೇಳುತ್ತಿದ್ದಾಳೆ.

ಆದ್ದರಿಂದ ಬೇರೆ ಕಡೆ ಹಾಕಿಸಬೇಡಿ. ಬಸ್ಸಿನ ದುಡ್ಡಿಗೆ ಕಾಲೇಜಿಗೆ ಪತ್ರ ಬರೆಯಿರಿ, ಖಾರವಾಗಿಯೇ ಬರೆಯಿರಿ. ಪತ್ರದ ಕೊನೆಗೆ ಇನ್ನೊಂದು ಸಾಲು ಸೇರಿಸಿ: ಇಂಟರ್ನ್‌ಶಿಪ್ ವರದಿಯ ಒಂದೊಂದು ಪ್ರತಿ, ರೆಕಾರ್ಡಿಂಗ್ ಸಮೇತ, ಹಾಡಿದ ಪ್ರತಿ ಮನೆಗೂ ತಲುಪಿದ ಮೇಲೆಯೇ ಸರ್ಟಿಫಿಕೇಟ್ ಕೊಡಿ ಎಂದು. ಮನೆಯವರ ಒಪ್ಪಿಗೆ ಇದ್ದರೆ ಒಂದು ಹಾಡು ನಮಗೂ ಕಳಿಸಲಿ. ಹಾಡಿದವರ ಹೆಸರಿನಲ್ಲೇ ಅಚ್ಚು ಹಾಕುತ್ತೇವೆ, ಗೌರವಧನವೂ ಅವರಿಗೇ. ಮೊತ್ತ ಚಿಕ್ಕದು, ನಮ್ಮ ಚಂದಾದಾರರ ಸಂಖ್ಯೆ ನಿಮಗೆ ಗೊತ್ತೇ ಇದೆ. ಅಂದಹಾಗೆ, ನಿಮ್ಮ ಚಂದಾ ಕಳೆದ ತಿಂಗಳಿಗೆ ಮುಗಿದಿದೆ.