ಥ್ಯಾಂಕ್ಸ್‌ಗಿವಿಂಗ್ ರಜೆಗೆ ಆರ್ಚಸ್ ನ್ಯಾಷನಲ್ ಪಾರ್ಕ್: ವಯಸ್ಸಾದ ತಂದೆ-ತಾಯಿ ಜತೆ ಡೆಲಿಕೇಟ್ ಆರ್ಚ್‌ವರೆಗೆ ಹತ್ತಬಹುದೇ?

ಅಮೆರಿಕದ ಯೂಟಾ ರಾಜ್ಯದ ಈ ಪಾರ್ಕಿನಲ್ಲಿರುವ ಡೆಲಿಕೇಟ್ ಆರ್ಚ್ ಒಂದು ಸಹಜ ಕಲ್ಲಿನ ಕಮಾನು. ಅಲ್ಲಿಯವರೆಗೆ ಹತ್ತಬಹುದು. ಆದರೆ ಆ ದಿನ ಬಂಡೆ ಒಣಗಿದೆಯೇ, ತಂದೆ-ತಾಯಿಯ ಮಂಡಿ ಇಳಿಜಾರನ್ನು ತಾಳುತ್ತದೆಯೇ ಎಂದು ನೋಡಿಕೊಂಡೇ ಹೊರಡಿ. ಊರಿಂದ ಬಂದಿರುವ 65 ದಾಟಿದ ತಂದೆ-ತಾಯಿ, ಎಂಟು ವರ್ಷದ ಮಗಳ ಜತೆ ನವೆಂಬರ್ ಕೊನೆಯಲ್ಲಿ ಎರಡು ದಿನ ಹೋಗುತ್ತೇವೆ ಎಂದು ನನಗೆ ಬರೆದು ಕೇಳಿದ್ದೀರಿ. ಹವೆ ನಿಮ್ಮ ಪರವಾಗಿದೆ, ಹಗಲಿನ ಹೊತ್ತು ಮಾತ್ರ ಕಡಿಮೆ.

ದಾರಿ ಶುರುವಾಗುವ ವುಲ್ಫ್ ರಾಂಚ್ ಪಾರ್ಕಿಂಗ್‌ನಿಂದ ಹೋಗಿ ಬರಲು 3 ಮೈಲಿ, ಅಂದರೆ 4.8 ಕಿ.ಮೀ.; ಏರು 480 ಅಡಿ. ಮೊದಲ ಅರ್ಧ ಮೈಲಿ ಅಗಲವಾದ ಸಲೀಸು ದಾರಿ. ಆಮೇಲೆ ಶುರುವಾಗುವುದು ಬೋಳು ಹಾಸುಬಂಡೆ. ನೆರಳಿಲ್ಲ, ಹಿಡಿಯಲು ಏನೂ ಇಲ್ಲ, ದಾರಿಯ ಗುರುತೆಂದರೆ ಪೇರಿಸಿಟ್ಟ ಕಲ್ಲುಗುಪ್ಪೆಗಳು ಅಷ್ಟೆ. ಒಂದು ಗುಪ್ಪೆಯ ಹತ್ತಿರ ನಿಂತು, ಮುಂದಿನದು ಕಣ್ಣಿಗೆ ಬಿದ್ದ ಮೇಲೆಯೇ ಹೊರಡಿ. ಹುಡುಕುವ ಕೆಲಸ ಮಗಳಿಗೆ ಕೊಡಿ, ಖುಷಿಯಿಂದ ಮಾಡುತ್ತಾಳೆ. ಹೊಸ ಗುಪ್ಪೆ ಕಟ್ಟಲು ಮಾತ್ರ ಬಿಡಬೇಡಿ, ಹಿಂದೆ ಬರುವವರು ದಾರಿ ತಪ್ಪುತ್ತಾರೆ. ಕೊನೆಯ 200 ಗಜ ಬಂಡೆಯ ಅಂಚಿನಲ್ಲೇ ನಡಿಗೆ: ಒಂದು ಬದಿ ಗೋಡೆ, ಇನ್ನೊಂದು ಬದಿ ಆಳ. ಮಗಳು ಗೋಡೆಯ ಕಡೆ ಇರಲಿ.

ಇಲ್ಲಿ ಕಾಲು ಜಾರುವುದು ಏಕೆಂದು ತಿಳಿದಿದ್ದರೆ ಅರ್ಧ ಭಯ ಹೋಗುತ್ತದೆ. ಇದು ಎಂಟ್ರಾಡಾ ಮರಳುಗಲ್ಲು. ಮರಳಿನ ಕಣಗಳನ್ನು ಸುಣ್ಣದಂಶವೊಂದು ಅಂಟಿನಂತೆ ಹಿಡಿದಿರುತ್ತದೆ. ಮಳೆನೀರು ಅದನ್ನು ಕರಗಿಸುತ್ತದೆ, ಬಿರುಕಿಗಿಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗಿ ಕಲ್ಲನ್ನು ಸೀಳುತ್ತದೆ. ಕಮಾನುಗಳು ಹುಟ್ಟುವುದೂ ಬೀಳುವುದೂ ಹೀಗೆಯೇ. 2008ರಲ್ಲಿ ವಾಲ್ ಆರ್ಚ್ ಕುಸಿದೇ ಹೋಯಿತು. ಬಾದಾಮಿಯ ಕಲ್ಲು ಇದಕ್ಕಿಂತ ಎಷ್ಟೋ ಹಳೆಯದು, ಎಷ್ಟೋ ಗಟ್ಟಿ. ಅಲ್ಲಿ ಓಡಾಡಿದ ಧೈರ್ಯದಲ್ಲಿ ಇಲ್ಲಿ ಅಂಚಿನ ಪದರದ ಮೇಲೆ ಕಾಲಿಡಬೇಡಿ. ಒಣ ಬಂಡೆಯನ್ನು ರಬ್ಬರ್ ಅಟ್ಟೆ ಚೆನ್ನಾಗಿ ಹಿಡಿಯುತ್ತದೆ. ಜಾರಿಸುವುದು ಅದರ ಮೇಲೆ ಉದುರಿದ ಸಡಿಲ ಮರಳು. ಆದ್ದರಿಂದ ಇಳಿಯುವಾಗ ಹಿಮ್ಮಡಿ ಊರಬೇಡಿ. ಮಂಡಿ ಸ್ವಲ್ಪ ಬಗ್ಗಿಸಿ, ಇಡೀ ಪಾದ ಬಂಡೆಗೆ ತಾಗುವ ಹಾಗೆ ಪುಟ್ಟ ಪುಟ್ಟ ಹೆಜ್ಜೆ ಹಾಕಿ. ಅಟ್ಟೆ ಸವೆದ ವಾಕಿಂಗ್ ಶೂ ಬೇಡವೇ ಬೇಡ. ಊರುಗೋಲು ತಂದರೆ ತುದಿಗೆ ರಬ್ಬರ್ ಟೊಪ್ಪಿ ಇರಲಿ.

ಹಿಮ ಬಿದ್ದಿದ್ದರೆ ಆ ಅಂಚಿನ ದಾರಿಯಲ್ಲಿ ಐಸ್ ಕಟ್ಟುತ್ತದೆ. ಶೂಗೆ ಹಾಕುವ ಮುಳ್ಳಿನ ಪಟ್ಟಿ, ಅಂದರೆ ಮೈಕ್ರೋಸ್ಪೈಕ್ ಇಲ್ಲದೆ ಅಲ್ಲಿ ಮುಂದುವರಿಯುವುದು ಸಲ್ಲದು. ಬೆಳಿಗ್ಗೆ ವಿಸಿಟರ್ ಸೆಂಟರ್‌ನಲ್ಲಿ ರೇಂಜರ್‌ಗಳನ್ನು ಕೇಳಿ, ನೇರವಾಗಿ ಹೇಳುತ್ತಾರೆ.

ಸಮಯವನ್ನು ಹಿಂದಿನಿಂದ ಲೆಕ್ಕ ಹಾಕಿ. ಆ ವಾರ ಸೂರ್ಯ ಮುಳುಗುವುದು ಸಂಜೆ ಐದರ ಆಸುಪಾಸು. ಸೂರ್ಯಾಸ್ತದ ಫೋಟೋಗೆ ಕಾದರೆ ಬೋಳು ಬಂಡೆಯನ್ನು ಕತ್ತಲಲ್ಲಿ ಇಳಿಯಬೇಕು, ಗುಪ್ಪೆಗಳು ಕಾಣುವುದಿಲ್ಲ. ಒಂದೂವರೆಗೆ ಹೊರಟು, ಮೂರಕ್ಕೆ ಮೇಲೆ ತಲುಪಿ, ನಾಲ್ಕರೊಳಗೆ ಇಳಿಯಲು ಶುರು ಮಾಡಿ. ಆದರೂ ತಲೆಗೆ ಕಟ್ಟುವ ಟಾರ್ಚ್ ತಲಾ ಒಂದು ಇರಲಿ. ಮೊಬೈಲ್ ಹಿಡಿದರೆ ಕೈ ಖಾಲಿ ಇರುವುದಿಲ್ಲ.

ನೀರು ತಲಾ 2 ಲೀಟರ್. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಒಣಗಾಳಿ ಮಾತ್ರ ಮೈಯ ನೀರನ್ನು ಎಳೆಯುತ್ತಲೇ ಇರುತ್ತದೆ. ಹಿರಿಯರು ಶೌಚಾಲಯದ ಚಿಂತೆಯಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ಹೊರಡುವ ಜಾಗದಲ್ಲಿ ಶೌಚಾಲಯವಿದೆ, ಮೇಲೆ ಇಲ್ಲ ಎಂದು ಮೊದಲೇ ಹೇಳಿಬಿಡಿ. ಪಾರ್ಕಿನೊಳಗೆ ಊಟ ಸಿಗುವುದಿಲ್ಲ. ಚಪಾತಿ ಸುರುಳಿ, ಉಪ್ಪು ಹಾಕಿದ ಕಡಲೆಬೀಜ ಪಕ್ಕದ ಪಟ್ಟಣ ಮೋಯಾಬ್‌ನಿಂದಲೇ ಕಟ್ಟಿಕೊಳ್ಳಿ.

ದಾರಿ ಪಕ್ಕದ ಮರಳಿನ ಮೇಲೆ ಕಪ್ಪಗೆ, ಉಬ್ಬು ಉಬ್ಬಾಗಿ ಕಾಣುವ ಹೊರಪದರವನ್ನು ದಯವಿಟ್ಟು ತುಳಿಯಬೇಡಿ. ಅದು ಜೀವಂತ. ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ಮರಳನ್ನು ಎಳೆ ಎಳೆಯಾಗಿ ಹೆಣೆದು ಗಾಳಿಗೆ ಹಾರದಂತೆ ಹಿಡಿದಿರುತ್ತವೆ. ಒಂದು ಹೆಜ್ಜೆಗೆ ಪುಡಿಯಾದದ್ದು ಮತ್ತೆ ಕೂಡಿಕೊಳ್ಳಲು ದಶಕಗಳೇ ಬೇಕು.

ಮಂಡಿ ನೋವಿದ್ದರೆ ತಂದೆ-ತಾಯಿಯನ್ನು ಲೋವರ್ ವ್ಯೂಪಾಯಿಂಟ್‌ಗೆ ಕರೆದೊಯ್ಯಿರಿ. 100 ಗಜದ ಸಮತಟ್ಟು ದಾರಿ, ಕಮಾನು ದೂರದಿಂದ ಕಾಣುತ್ತದೆ. ನನ್ನನ್ನು ಕೇಳಿದರೆ ಅವರಿಗೆ ಡಬಲ್ ಆರ್ಚ್ ಇನ್ನೂ ಒಳ್ಳೆಯದು: ಹೋಗಿ ಬರಲು ಅರ್ಧ ಮೈಲಿ ಚಿಲ್ಲರೆ, ಹೆಚ್ಚು ಏರಿಲ್ಲ, ಕಮಾನಿನ ಬುಡದವರೆಗೂ ಹೋಗಬಹುದು. ಎರಡನೆಯ ದಿನ ಬೆಳಿಗ್ಗೆ, ಡೆವಿಲ್ಸ್ ಗಾರ್ಡನ್ ಪಾರ್ಕಿಂಗ್ ತುಂಬುವ ಮೊದಲೇ ಹೋಗಿ ಲ್ಯಾಂಡ್‌ಸ್ಕೇಪ್ ಆರ್ಚ್ ನೋಡಿ, ಅಲ್ಲಿಂದಲೇ ಹಿಂದಿರುಗಿ. ಅದರ ಮುಂದೆ ಕಡಿದಾದ ಬಂಡೆ ಹತ್ತಬೇಕು.