ವಾಲಾಂತ್ರೆ ಸೇತುವೆಯ ನಡುಗೋಪುರಕ್ಕೆ ಬಾಗಿಲು ಏಕಿಲ್ಲ?

ಫ್ರಾನ್ಸಿನ ಕಾಓರ್ ಊರಿನ ವಾಲಾಂತ್ರೆ ಸೇತುವೆಗೆ ಮೂರು ಗೋಪುರಗಳೇಕೆ, ನಡುವಿನದಕ್ಕೆ ಬಾಗಿಲೇಕಿಲ್ಲ ಅಂತ ಕೇಳಿದ್ದೀರಿ. ಮೂರಕ್ಕೂ ಒಂದೇ ಕೆಲಸವಲ್ಲ, ಅದಕ್ಕೆ. ತುದಿಯ ಎರಡರಲ್ಲಿ ಬಾಗಿಲೂ ಮೇಲಿಂದ ಇಳಿಬಿಡುವ ಜಾಲರಿಬಾಗಿಲೂ ಇದ್ದವು. ದಾರಿ ಮುಚ್ಚುವುದು ಅವುಗಳ ಪಾಲು. ನಡುವಿನದು ಲೋಟ್ ನದಿಯ ಮೇಲೆ ಕಣ್ಣಿಡುವ ಕಾವಲುಗೋಪುರ.

ಅಲ್ಲಿಗೆ ಹೋದರೆ ತುದಿಯ ಗೋಪುರದ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿ. ಮೇಲೆ ಗೋಡೆ ಹೊರಚಾಚಿದೆ, ಚಾಚುಗಲ್ಲುಗಳ ನಡುವೆ ಕಂಡಿಗಳಿವೆ. ಶತ್ರು ಗೋಡೆಗೆ ಒತ್ತಿಕೊಂಡು ನಿಂತರೆ ಬಾಣದ ಕಿಂಡಿಯಿಂದ ಗುರಿ ಸಿಗುವುದಿಲ್ಲ. ಬಾಗಿಲು ಒಡೆಯುವವರು ನಿಲ್ಲುವುದೂ ಅಲ್ಲೇ. ಆ ಕುರುಡು ಜಾಗಕ್ಕೆ ನೆಟ್ಟಗೆ ಕಲ್ಲು ಬೀಳಿಸಲು ಈ ಕಂಡಿಗಳು. ಇಡೀ ಸೇತುವೆಯಲ್ಲಿ ನನಗೆ ಅತ್ಯಂತ ಜಾಣತನದ್ದೆನಿಸುವ ಭಾಗ ಇದೇ.

ಆರು ದೊಡ್ಡ ಕಮಾನುಗಳ ಕಂಬಗಳು ಹರಿವು ಬರುವ ಕಡೆ ಚೂಪಾಗಿವೆ. ನೆರೆನೀರು, ತೇಲಿಬರುವ ಮರ ನೇರ ಗುದ್ದದೆ ಇಬ್ಭಾಗವಾಗಿ ಸರಿಯಲಿ ಎಂದು. ಕೆಲಸ ಶುರುವಾದದ್ದು 1308ರಲ್ಲಿ. ಮುಗಿಯಲು ಸುಮಾರು 70 ವರ್ಷ ಹಿಡಿಯಿತು.

ಒಂದು ಎಚ್ಚರಿಕೆ: ಕಂಡದ್ದೆಲ್ಲ ಮಧ್ಯಯುಗದ್ದಲ್ಲ. ನಡುಗೋಪುರದ ಪುಟ್ಟ ದೆವ್ವದ ಕೆತ್ತನೆ 19ನೇ ಶತಮಾನದ ಜೀರ್ಣೋದ್ಧಾರದಲ್ಲಿ ಪಾಲ್ ಗೂ (Paul Gout) ಎಂಬ ವಾಸ್ತುಶಿಲ್ಪಿ ಇಡಿಸಿದ್ದು.